ಒದ್ದೆಯಾಗದ ಟೋಪಿ

ಈ ಚಳಿಗಾಲ ನಾನು ಓದಿದ್ದು ಮೂರೇ ಕಾದಂಬರಿ.
ಸಂದೋಯ್ ದ್ವೀಪದಲ್ಲಿ ಡಿಸೆಂಬರಿನ ಹಗಲೆಂದರೆ
ಯಾರೋ ಬಾಗಿಲು ತೆರೆದು ಮುಚ್ಚುವಷ್ಟು ಬೆಳಕು.
ಮೀನಿನ ಕಾರ್ಖಾನೆಯಿಂದ ಬಂದು
ಬೆರಳ ಸಂದಿಯ ಹುರುಪೆ ತೊಳೆದು
ಕಾಫಿಗಿಟ್ಟ ನೀರು ಕುದಿಯುವಷ್ಟರಲ್ಲಿ ನಾಲ್ಕು ಪುಟ.

ಮೊದಲನೆಯದು ಹೊಸದು,
ತೋರ್ಷಾವ್ನ್ ಪಟ್ಟಣದ ಹುಡುಗಿಯೊಬ್ಬಳು ಬರೆದದ್ದು,
ಅಂಟಿನ ವಾಸನೆ ಇನ್ನೂ ಆರಿರಲಿಲ್ಲ.
ಅದರಲ್ಲೊಬ್ಬ, ಎರಡು ವರ್ಷದ ಮೇಲೆ ಕಡಲಿಂದ ಮರಳಿದವನು,
ರಾತ್ರಿ ತನ್ನದೇ ಮನೆಯ ಕಿಟಕಿಯ ಹೊರಗೆ ನಿಲ್ಲುತ್ತಾನೆ.
ಒಳಗೆ ಹೆಂಡತಿ ಮೇಜಿನ ಮೇಲೆ ತಟ್ಟೆ ಇಡುತ್ತಾಳೆ, ಎರಡು.
ಎರಡನೆಯದು ಯಾರಿಗೆ?
ಅವನು ಕೇಳುವುದಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು
ಹೊರಟೇಬಿಡುತ್ತಾನೆ.
ಸೂರಿನಡಿ ಕಬ್ಬಕ್ಕಿಯ ಗೂಡು, ಗೂಡಲ್ಲಿ
ಒಂದೇ ಒಂದು ಮೊಟ್ಟೆ.

ಪುಸ್ತಕ ಮುಚ್ಚಿ ಅತ್ತೆ, ಸುಳ್ಳೇಕೆ.
ಅತ್ತು ಮುಗಿದ ಮೇಲೆ ಅನುಮಾನ:
ಈ ಕಿಟಕಿ ನನಗೆ ಗೊತ್ತು.

ಅಮ್ಮನ ಪೆಟ್ಟಿಗೆ ಜಾಲಾಡಿದೆ. ಇತ್ತು.
ಬೆನ್ನು ಕಿತ್ತ ಪುಸ್ತಕ, ಯುದ್ಧಕ್ಕಿಂತ ಹಿಂದಿನದು,
ಅದೇ ಕಿಟಕಿ, ಅದೇ ಎರಡು ತಟ್ಟೆ.
ಗೂಡಿಲ್ಲ. ಸೂರು ಮಾತ್ರ ಇದೆ, ಉದ್ದಕ್ಕೆ ಚಾಚಿದ್ದು,
ಅದನ್ನು ಬಣ್ಣಿಸುವುದಕ್ಕೇ ಅರ್ಧ ಪುಟ.
ಇಷ್ಟೊಂದು ಸೂರು ಯಾಕಪ್ಪ, ಅಂದುಕೊಂಡೆ.

ಮಂಗಳವಾರ, ಅಂಚೆ ಕಚೇರಿಯ ಹಿಂದಿನ ಕೋಣೆ.
ಗ್ರಂಥಾಲಯ ಎಂದರೆ ಅಷ್ಟೇ ನಮಗೆ, ಅಷ್ಟು ಮತ್ತು ಬಿರಿತಾ.
ಎರಡನ್ನೂ ಮೇಜಿನ ಮೇಲೆ ಬಡಿದು,
"ಕದ್ದಿದ್ದಾಳೆ ಇವಳು," ಎಂದೆ, "ಕಾಗದ ಬರೆಯುತ್ತೇನೆ."
ಬಿರಿತಾ ತಲೆ ಎತ್ತಲಿಲ್ಲ. ತೊಡೆಯ ಮೇಲೆ
ಗಂಡನ ಸ್ವೆಟರ್, ಮೊಣಕೈ ತೂತು,
ಸಾಲು ಸಾಲಾಗಿ ಬಿಚ್ಚುತ್ತಿದ್ದಳು.
ಬಿಚ್ಚಿದ ಉಣ್ಣೆ ನೆಟ್ಟಗೆ ಬೀಳದು, ಸುರುಳಿ ಸುರುಳಿ,
ಹೆಣಿಗೆ ಹೋದರೂ ಹೆಣಿಗೆಯ ಗೀಳು ಹೋಗಿಲ್ಲ.
"ಆವಿಗೆ ಹಿಡಿದರೆ ಸರಿಹೋಗತ್ತೆ," ಅಂದಳು.
ಆಮೇಲೆ, "ಪೂರ್ತಿ ಅಲ್ಲ."
"ಯಾರಿಗೆ?"
"ಮೊಮ್ಮಗನ ಕಾಲುಚೀಲಕ್ಕೆ. ಇದಕ್ಕೂ ಮುಂಚೆ
ನಮ್ಮ ಮಾವನ ಕಂಬಳಿ ಆಗಿತ್ತು.
ನೀನು ಬೇಕಾದರೆ ಕುರಿಗೆ ಕಾಗದ ಬರಿ."

ಹದಿನೈದು ದಿನಕ್ಕೆ ಅವಳೇ ತರಿಸಿಕೊಟ್ಟಳು ಮೂರನೆಯದು,
ದೋಣಿಯಲ್ಲಿ ಬಂತು, ಡೇನಿಷ್ ಭಾಷೆ, ಮುರಿದ ಅಕ್ಷರ,
ಬರೆದವನ ಗೋರಿಯ ಮೇಲಿನ ಹೆಸರೂ ಸವೆದಿರಬೇಕು.
ಅಲ್ಲಿ ಜಡಿಮಳೆ. ಸೂರಿಲ್ಲ.
ಅವನು ನಿಂತೇ ಇದ್ದಾನೆ, ನಿಂತೇ ಇದ್ದಾನೆ,
ಪುಟ ತಿರುಗಿಸಿದರೆ
ಟೋಪಿಯೊಳಗಿಂದ ಕಡ್ಡಿ ತೆಗೆದು ಗೀರುತ್ತಾನೆ.
ಹತ್ತಿಕೊಳ್ಳುತ್ತದೆ!
ಮಳೆ ಸುರಿಸಿದವನಿಗೇ ಮಳೆ ಮರೆತಿತ್ತು.

ನಕ್ಕೆ, ಒಬ್ಬಳೇ, ಜೋರಾಗಿ.
ಅವನ ಮರೆವಿಗೆ ತಾನು ನಾಚಿ
ಎರಡನೆಯವನು ಸೂರು ಇಳಿಸಿದ.
ಸೂರು ಇದೆಯಲ್ಲ ಎಂದು ಹಕ್ಕಿ ಬಂತು.
ಮೊಟ್ಟೆ ಹುಡುಗಿಯದು. ಅದನ್ನು ಯಾರೂ ಕೊಟ್ಟಿದ್ದಲ್ಲ.
ಹೆಪ್ಪಿನ ಸಾಲ ಯಾರು ತೀರಿಸುತ್ತಾರೆ, ಯಾರು ಕೇಳುತ್ತಾರೆ,
ಮೊಸರಾದರೆ ಸಾಕು.
(ಆದರೂ ಮೊದಲ ಪುಟದಲ್ಲಿ ಒಂದು ಹೆಸರು
ಹಾಕಬಹುದಿತ್ತು ಅವಳು. ಆ ಮಾತು ನಾನು ಬಿಡುವುದಿಲ್ಲ.)

ನಿನ್ನೆ ಪಾಳಿ ಮುಗಿದಾಗ ಏಳು ಗಂಟೆ.
ಬೆಟ್ಟದಿಂದ ಅಡ್ಡಡ್ಡ ಬೀಸುವ ಮಳೆ.
ಮನೆ ತಲುಪಿದವಳು ಬಾಗಿಲಿಗೆ ಹೋಗಲಿಲ್ಲ,
ಕಾಲು ತಾನಾಗಿ ಕಿಟಕಿಯ ಬಳಿ ನಿಂತಿತು.
ಒಳಗೆ ನನ್ನ ತಮ್ಮ ಡೌನ್ಯಲ್ ಬೆನ್ನು ಹಾಕಿ
ಆಲೂಗಡ್ಡೆ ಬಸಿಯುತ್ತಿದ್ದಾನೆ. ತಟ್ಟೆ ಒಂದು.
ಕಾದೆ. ಏನಕ್ಕೆ ಕಾದೆ ಎಂದು ಕೇಳಬೇಡಿ.
ಹುಡುಕಿ ಹುಡುಕಿ, ಮೇಲಿನ ಹಲಗೆಯಿಂದ
ಅಂಚು ಒಡೆದ ನನ್ನ ತಟ್ಟೆ ತೆಗೆದ,
ಅಂಗಿಯ ತುದಿಯಿಂದ ಒರೆಸಿ ಇಟ್ಟ.

ಮೂರು ಪುಸ್ತಕದಲ್ಲೂ ಯಾರೂ ಒಳಗೆ ಹೋಗಲಿಲ್ಲ.
ನಾನು ಹೋದೆ.
"ಎಲ್ಲಿ ಸತ್ತಿದ್ದೆ, ಮೀನು ತಣ್ಣಗಾಯಿತು," ಅಂದ.
ಓದುತ್ತಿದ್ದೆ, ಅಂದೆ.
ಟೋಪಿ ತೆಗೆದು ಒಲೆಯ ಮೇಲೆ ಹಿಂಡಿದೆ.
ಚುಂಯ್ ಎಂದಿತು.